ಆತಕೂರಿನ ಶಾಸನದಲ್ಲಿ ಯೋಧನ ಜೀವಿತ

ಮಂಡ್ಯದ ಜಿಲ್ಲೆಗೆ ಸೇರಿದ ಆತಕೂರಿನ ಶಾಸನವನ್ನು ಚರಿತ್ರಕಾರರು ತಕ್ಕೋಲದ ಯುದ್ಧಕ್ಕೆ ಪ್ರಮಾಣವೆಂದು ಆದರಿಸಿರುವರು. ಶಕ 872ರ (ಕ್ರಿ.ಶ. 949-50) ಆ ಬರಹವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನು ತಿಳಿಸುವುದರಿಂದ ಈ ಆದರವು ಯುಕ್ತವೇ ಸರಿ. ಕಾವ್ಯದೃಷ್ಟಿಯಿಂದಲೂ ಅದನ್ನು ಪರ್ಯಾಲೋಚಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇಲ್ಲಿಯ ನಾಯಕನು ಅರಸನಲ್ಲ, ಬೂತುಗನ ಆಳಾದ ಮಣಲೇರನು. ಅವನಿಗೆ ಸಗರವಂಶದ ಹಿರಿಮೆಯೂ ಬಿರುದುಗಳೂ ಉಂಟು. ಅಂಥವು ನಾಡಿನ ಎಷ್ಟೋ ಕಲ್ಲುಗಳಲ್ಲಿ ದೊರೆಯುವುವು. ಒಬ್ಬನ ಹೆಸರನ್ನು ತೆಗೆದು ಮತ್ತೊಬ್ಬನದನ್ನು ಇಟ್ಟರೂ ಅರ್ಥಕ್ಕೆ ಕುಂದಿಲ್ಲ. ರಸವಿರುವುದು ಬೇರೆಡೆಯಲ್ಲಿ. ಒಡೆಯನು ಮೆಚ್ಚಿ, ಬೇಡಿಕೊಳ್ಳೆನ್ನಲು, ಈ ವೀರನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು! ಬೂತುಗನು ಊರುಗಳನ್ನೂ ಬಾಳ್ಗಚ್ಚಾಗಿ ಕೊಟ್ಟನೆಂಬುದು ನಿಜ. ಆದರೆ ಕೊಟ್ಟುದರಿಂದ ಒಡೆಯನ ಗುಣ ತಿಳಿಯುವುದು. ಬೇಡಿದುದರಿಂದ ಆಳಿನ ಹೃದಯ.

ಆ ನಾಯಿ ಕೆಳಲೆನಾಡಿನ ಬೆಳತೂರ ಪಡುವಣ ದಿಣ್ಣೆಯಲ್ಲಿ ಹಿರಿಯ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಚಲ್ಲೇಶ್ವರನ ಎದುರಿನಲ್ಲಿ ಕಲ್ಲು ನೆಟ್ಟು, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣಲಾಗದೆಂದು ವಿಧಿಸಿದರು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ಕಂಡರಿಸಿರುವುದೂ ನಾಯಿಹಂದಿಗಳನ್ನೇ ಹೊರತು ರಾಜಾದಿತ್ಯನ ವಧೆಯನ್ನಲ್ಲ. ವೀರವು ಉತ್ತಮಪ್ರಕೃತಿಯನ್ನು ಆಶ್ರಯಿಸಿದ ರಸವೆಂದು ಭರತನ ಮತವಿರುವಾಗ, ನಾಯಿಯ ಸಾವಿಗೆ ಇಷ್ಟು ಎಡೆಗೊಟ್ಟುದು ಅನೌಚಿತ್ಯವೆಂದು ಲಾಕ್ಷಣಿಕರು ಆಕ್ಷೇಪಿಸಬಹುದು. ನಮಗೆ ಹಾಗೆ ತೋರದು. ಶೋಕವನ್ನು ಇಲ್ಲಿ ಬಾಯಿಬಿಟ್ಟು ಹೇಳಿಲ್ಲ. ಕಲ್ಲು, ಭೂಮಿ, ಪೂಜೆ ಇವುಗಳಿಂದಲೇ ಅದು ವ್ಯಂಗ್ಯವಾಗಿದೆ. ಆನಂದವರ್ಧನನು ಮೆಚ್ಚುವ ಮಾರ್ಗವೇ ಇದು.

ಈಚಿನ ಯುದ್ಧಗಳ ಬರಹವನ್ನೂ ಇದೇ ತಕ್ಕಡಿಯಲ್ಲಿ ತೂಗಬಹುದು. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಮತ್ತು ಜೋಧಪುರದ ಲ್ಯಾನ್ಸರ್ ಸವಾರರು ಹೈಫಾ ಪಟ್ಟಣವನ್ನು ಹಿಡಿದರು. ಅವರು ಸೇರಿದ್ದ ಅಶ್ವಸೈನ್ಯಕ್ಕೆ ಆಸ್ಟ್ರೇಲಿಯದ ಚಾವೆಲನು ನಾಯಕ. ಆ ದೇಶದ ಹಳ್ಳಿಗಾಡಿನ ತರುಣರೂ ಅದರಲ್ಲಿದ್ದರು. ಯುದ್ಧ ಮುಗಿದ ಮೇಲೆ, ರೋಗಭಯದಿಂದಲೂ ಸಾಗಣೆಯ ವೆಚ್ಚದಿಂದಲೂ, ಆ ತರುಣರು ತಮ್ಮ ಕುದುರೆಗಳನ್ನು ಅಲ್ಲಿಯೇ ಬಿಟ್ಟು ಹಡಗೇರಬೇಕಾಯಿತು. ಮಣಲೇರನ ಬೇಡಿಕೆಯನ್ನು ಓದಿದವರಿಗೆ ಇದರ ಭಾರವನ್ನು ವಿವರಿಸಬೇಕಾದುದಿಲ್ಲ. ಹೈಫಾದ ವಿಜಯವನ್ನು ಹೊಗಳುವವರಾದರೋ ಪ್ರಾಯಿಕವಾಗಿ ಪದಕಗಳನ್ನೂ ಪತಾಕೆಗಳನ್ನೂ ಎಣಿಸುವರು. ಸವಾರನು ತನಗಿಂತ ಮೊದಲು ಕುದುರೆಗೆ ನೀರು ಕುಡಿಸುವುದು ಅವರ ಕಣ್ಣಿಗೆ ಬೀಳದು. ಶೀಳನೆರೆಯಂತಹ ಊರಿನಲ್ಲಿ ದನಕರುಗಳ ನಡುವೆ ಬೆಳೆದು ದಂಡಿಗೆ ಸೇರಿದ ಹುಡುಗನು ಅಂತಹ ಹೊಗಳಿಕೆಯನ್ನು ಓದಿದರೆ, ಅದು ಯಾರ ಕಥೆಯೆಂದು ಕೇಳಿಯಾನು. ಆತಕೂರಿನ ಬರಹವನ್ನು ಓದಿ ಹೇಳಿದರೆ ಹಾಗೆ ಕೇಳನು.