ಸರ್ವೆ ನಂಬರಿಲ್ಲದ ಕವಿತೆಗಳು

ನಮ್ಮ ವಿಮರ್ಶಕರು ಇದುವರೆಗೂ ಓದದೆ ಬಿಟ್ಟ ಒಂದು ಬರವಣಿಗೆ ಇದೆ. ಅದರ ಹೆಸರು ಮನವಿ ಪತ್ರ. ಕನ್ನಡ ನಾಡಿನ ಕೇರಿಗಳಲ್ಲಿ ಕವಿತೆ ಬರೆದವರಿಗಿಂತ ಅರ್ಜಿ ಬರೆದವರೇ ಹೆಚ್ಚು. ಅಕ್ಷರ ಕಲಿತ ಮೊದಲ ತಲೆಮಾರಿನ ಹುಡುಗನಿಗೆ ಕೇರಿ ಕೊಡುವ ಮೊದಲ ಕೆಲಸವೇ ಅದು. 'ಪಾಸಾಯ್ತೇನ್ಲಾ? ಹಂಗಾರೆ ಬಾ, ತಾಸೀಲ್ದಾರ್‌ಗೆ ಒಂದು ಅರ್ಜಿ ಬರಿ.' ಇದನ್ನು ಸಾಹಿತ್ಯ ಅಂತ ಕರೆದರೆ ವಿಶ್ವವಿದ್ಯಾನಿಲಯದ ಪಂಡಿತರು ನಗುತ್ತಾರೆ. ನಗಲಿ. ಈ ಪಂಡಿತರ ಮುತ್ತಾತಂದಿರು ವಚನವನ್ನೂ ಬಹುಕಾಲ ಕಾವ್ಯದ ಪಂಕ್ತಿಯಲ್ಲಿ ಕೂರಿಸಿರಲಿಲ್ಲ.

ಕೇರಿಯಿಂದ ಈಗ ಎರಡು ಬಗೆಯ ಕಾಗದ ಹೊರಗೆ ಬರುತ್ತಿವೆ. ಒಂದು, ಇಂಥ ಪತ್ರಿಕೆಗಳಿಗೆ ಬರುವ ಕವಿತೆ. ಇನ್ನೊಂದು, ಪಂಚಾಯ್ತಿಗೆ, ತಾಲ್ಲೂಕು ಕಚೇರಿಗೆ ಹೋಗುವ ಮನವಿ. ಎರಡನ್ನೂ ಬರೆಯುವ ಕೈ ಅನೇಕ ಸಲ ಒಂದೇ. ಹಗಲು ಮನವಿ, ರಾತ್ರಿ ಕವಿತೆ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ: ಇದರಲ್ಲಿ ಇರುವುದು ಅದರಲ್ಲಿಲ್ಲ, ಅದರಲ್ಲಿ ಇರುವುದು ಇದರಲ್ಲಿಲ್ಲ.

ನಮ್ಮ ಕಡೆಯ ಒಂದು ಅರ್ಜಿಯನ್ನೇ ತಗೊಳ್ಳಿ. ನೀರಿನ ವಿಷಯಕ್ಕೆ ಬರೆಯಲು ಕೂತಾಗ ಅವ್ವನೊಬ್ಬಳು ಹೇಳಿದ್ದು ಇಷ್ಟು: 'ಬರ್ಕೊ ಮಗ. ನಮ್ ಬೀದಿ ನಲ್ಲೀಲಿ ಮೂರು ದಿನದಿಂದ ತೊಟ್ಟು ನೀರಿಲ್ಲ. ಮೇಲ್ಗಡೆ ಬೀದಿ ನಲ್ಲಿ ತಾವ ಹೋದ್ರೆ ಅವರು ತುಂಬ್ಕೊಂಡು ಮುಗಿಯಗಂಟ ದೂರ ನಿಂತಿರಬೇಕು. ಆಮೇಲೂ ನಲ್ಲಿ ಮುಟ್ಟಂಗಿಲ್ಲ. ಅವರೇ ತಿರುಗಿಸ್ತಾರೆ, ಮನಸ್ಸಿದ್ರೆ.' ಬರೆಯುತ್ತಿದ್ದ ಗೆಳೆಯ ಪದವೀಧರ. ಅವನ ಕೈಯಲ್ಲಿ ಅದು ಹೀಗಾಯಿತು: 'ನಮ್ಮ ಕಾಲೋನಿಯಲ್ಲಿ ಕುಡಿಯುವ ನೀರಿನ ತೀವ್ರ ಸಮಸ್ಯೆ ಇದ್ದು, ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.'

ಮೂರು ದಿನ ಹೋಯಿತು. ಮೇಲ್ಗಡೆ ಬೀದಿ ಹೋಯಿತು. ಮುಟ್ಟಂಗಿಲ್ಲ ಅನ್ನುವುದಂತೂ ಪೂರಾ ಒರೆಸಿಹೋಯಿತು. ಉಳಿದದ್ದು 'ಸಮಸ್ಯೆ'. ಸಮಸ್ಯೆ ಅಂದಮೇಲೆ ಅದು ಮೋಟಾರಿನದು, ಪೈಪಿನದು, ಕರೆಂಟಿನದು. ಇದು ಬರೀ ಭಾಷೆಯ ವಿಚಾರವಲ್ಲ ಗೆಳೆಯರೇ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಬಾವಿ, ಕೆರೆ, ನಲ್ಲಿ, ಸ್ಮಶಾನ, ದಾರಿ ಎಂದು ಹೆಸರು ಹಿಡಿದೇ ಹೇಳುತ್ತದೆ. ಇವನ್ನು ಮಿಕ್ಕವರಂತೆ ಬಳಸಲು ನಮಗೆ ಅಡ್ಡಿಮಾಡುವುದು ಅಪರಾಧ. ಅವ್ವ ಹೇಳಿದ ಹಾಗೆಯೇ ಬರೆದಿದ್ದರೆ ಅದು ಡಿವೈಎಸ್ಪಿ ತನಿಖೆ ಮಾಡಬೇಕಾದ ದೂರು. ಪದವೀಧರ ಬರೆದ ಹಾಗೆ ಅದು ವಾಟರ್‌ಮನ್ ಕೈಗೆ ಹೋಗುವ ಚೀಟಿ. ಒಂದು ಅಪರಾಧ ನಮ್ಮ ಸಭ್ಯ ಕನ್ನಡದಲ್ಲಿ ರಿಪೇರಿ ಕೆಲಸವಾಗಿಬಿಟ್ಟಿತು.

ಈ ಸಭ್ಯ ಕನ್ನಡ ಎಲ್ಲಿಂದ ಬಂತು? ಶಾಲೆಯ ಪತ್ರಲೇಖನದ ಪಾಠದಿಂದ. ರಜಾ ಚೀಟಿ ಬರೆಯುವ ಭಾಷೆಯಲ್ಲೇ ಹಕ್ಕು ಕೇಳುವುದನ್ನೂ ಕಲಿತೆವು. 'ಬಡವರಾದ ನಾವುಗಳು', 'ತಮ್ಮ ಕೃಪೆಯಿಂದ', 'ಇಂತಿ ತಮ್ಮ ವಿಧೇಯ'. ಮಹಾರಾಜರು ಹೋದರು, ಅವರಿಗೆ ಬಗ್ಗುತ್ತಿದ್ದ ವಾಕ್ಯ ಹೋಗಲಿಲ್ಲ. ಪಂಚಾಯ್ತಿಯ ಪಿಡಿಒಗೆ ವಿಧೇಯರಾಗಿರಬೇಕು ಅಂತ ಯಾವ ಕಾನೂನಿದೆ ಸ್ವಾಮಿ? ಇದನ್ನು ಓದುತ್ತಿರುವ ಹಳ್ಳಿ ಮೇಷ್ಟ್ರುಗಳು ಏಳನೇ ಕ್ಲಾಸಿನ ಮಕ್ಕಳಿಗೆ ಬೇರೆ ಥರದ ಪತ್ರಲೇಖನ ಕಲಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಇನ್ನು ಕವಿತೆಗೆ ಬರೋಣ. ಅದೇ ಅವ್ವ, ಅದೇ ನಲ್ಲಿ ನಮ್ಮ ಕವಿಗಳ ಕೈಗೆ ಸಿಕ್ಕರೆ ಏನಾಗುತ್ತದೆ? ಶತಮಾನಗಳ ದಾಹ. ಕೆಂಡದ ಮಳೆ. ಕ್ರಾಂತಿಸೂರ್ಯ. ಉರಿವ ಕೊಡ. ಸಿಟ್ಟು ಇದೆ, ನಿಜವಾದ ಸಿಟ್ಟು. ಜಾತಿಯ ಹೆಸರೂ ಇದೆ. ಆದರೆ ಊರಿಲ್ಲ, ಬೀದಿಯಿಲ್ಲ, ನಲ್ಲಿ ತಿರುಗಿಸದೆ ನಿಂತವರು ಯಾರೂ ಇಲ್ಲ. ಅವರಿದ್ದ ಜಾಗಕ್ಕೆ ಮನು ಬಂದು ನಿಂತಿದ್ದಾನೆ. ಮನುವನ್ನು ಬೈದರೆ ನಮ್ಮ ಊರಿನ ಪಂಚಾಯ್ತಿ ಅಧ್ಯಕ್ಷನಿಗೆ ಏನೂ ಬೇಜಾರಿಲ್ಲ. ಆತನೇ ಅಂಬೇಡ್ಕರ್ ಜಯಂತಿಯ ಕವಿಗೋಷ್ಠಿಗೆ ಬಂದು ಚಪ್ಪಾಳೆ ತಟ್ಟಿ, ಕವಿಗೆ ಶಾಲು ಹೊದಿಸಿ ಹೋಗುತ್ತಾನೆ. ಯಾರ ನಿದ್ದೆಯನ್ನೂ ಕೆಡಿಸದ ಬಂಡಾಯಕ್ಕೆ ಶಾಲು ಬಹಳ ಬೇಗ ಸಿಗುತ್ತದೆ.

ಹಾಗಂತ ನವ್ಯದವರ ಹಳೇ ರಾಗವನ್ನು ನಾನು ಹಾಡುತ್ತಿಲ್ಲ. 'ಇದು ಘೋಷಣೆ, ಕಾವ್ಯವಲ್ಲ' ಅಂತ ಅವರು ಅಂದದ್ದು ಶಿಲ್ಪ ಕೆಟ್ಟಿತು ಅನ್ನುವ ಕಾರಣಕ್ಕೆ. ನನ್ನ ತಕರಾರು ಬೇರೆ. ಘೋಷಣೆಗೊಂದು ಬೀದಿ ಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಪೆಟ್ಟು ತಿಂದವರು ದಲಿತ ವಿದ್ಯಾರ್ಥಿಗಳು. ಮಂತ್ರಿಗಿರಿ ಕಳಕೊಂಡವರು ಬಸವಲಿಂಗಪ್ಪನವರು. ಆ ಪೆಟ್ಟಿನ ಬೆನ್ನಿಗೇ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳನ್ನು ಪುಸ್ತಕದಲ್ಲಿ ಓದಿದವರಿಗಿಂತ ಮೆರವಣಿಗೆಯಲ್ಲಿ, ಧರಣಿಯ ಚಪ್ಪರದಲ್ಲಿ ಕೂಗಿ ಹಾಡಿದವರೇ ಹೆಚ್ಚು. ಹಾಡಿನಲ್ಲಿ ಊರಿನ ಹೆಸರಿಲ್ಲದಿದ್ದರೂ ಹಾಡುವ ಜಾಗಕ್ಕೆ ಊರಿತ್ತು, ಎದುರಿಗೆ ಕಚೇರಿಯಿತ್ತು. ಇವತ್ತಿನ ಕವಿತೆ ಮೊಬೈಲಿನಲ್ಲಿ ಹುಟ್ಟಿ ಮೊಬೈಲಿನಲ್ಲೇ ಮುಗಿಯುತ್ತದೆ. ಅದಕ್ಕೆ ಹೊರಗಿನ ಬೀದಿ ಇಲ್ಲವಾದರೆ ಒಳಗಾದರೂ ಒಂದು ಬೀದಿ ಇರಬೇಡವೇ? ದೇವನೂರ ಮಹಾದೇವರ 'ಒಡಲಾಳ' ನೋಡಿ. ಕಾಣೆಯಾದ ಒಂದು ಹುಂಜ, ಕದ್ದು ತಿಂದ ಕಡಲೆಕಾಯಿ, ಮನೆ ಜಾಲಾಡುವ ಪೊಲೀಸರು. ಕ್ರಾಂತಿ ಅನ್ನುವ ಮಾತೇ ಬೇಕಾಗಲಿಲ್ಲ.

ಅರ್ಜಿದಾರನೊಬ್ಬ ನಮ್ಮ ಹಳೆಯ ಕಾದಂಬರಿಯಲ್ಲೂ ಇದ್ದಾನೆ. ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಚೋಮ ಸಂಕಪ್ಪಯ್ಯನ ಅಂಗಳದಲ್ಲಿ ನಿಂತು ಉಳುವುದಕ್ಕೆ ಭೂಮಿ ಕೇಳುತ್ತಾನೆ. ಬಾಯಲ್ಲಿ ಕೊಟ್ಟ ಅರ್ಜಿ. ಧಣಿಯ ಮನಸ್ಸು ಅಷ್ಟಿಷ್ಟು ಕರಗಿದರೂ ಧಣಿಯ ತಾಯಿಯ ಸಂಪ್ರದಾಯ ಕರಗುವುದಿಲ್ಲ. ನಮ್ಮ ವಿಮರ್ಶಕರು ಆ ದುಡಿಯ ಸಂಕೇತದ ಮೇಲೆ ಪುಟಗಟ್ಟಲೆ ಬರೆದರು. ಕೇಳಿದ ಭೂಮಿಯ ವಿಷಯ ಏನಾಯಿತು ಅಂತ ಕೇಳಿದವರು ಕಡಿಮೆ. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು, ಅನೇಕರಿಗೆ ಉತ್ತ ಭೂಮಿ ಬಂತು. ಒಳ್ಳೆಯದೇ. ಆದರೆ ಚೋಮ ಆ ದಿನ ಬದುಕಿದ್ದರೂ ಆ ಫಾರಮ್ಮಿನಲ್ಲಿ ಅವನಿಗೆ ಜಾಗವಿರಲಿಲ್ಲ. ಅವನು ಗೇಣಿದಾರನಲ್ಲ, ಆಳು. ಗೇಣಿಗೂ ಭೂಮಿ ಕೊಡದ ಜಾತಿಯ ಕಟ್ಟಳೆ ಅವನನ್ನು ಕಾನೂನಿನ ಹೊರಗೂ ಇಟ್ಟಿತು. ಆಮೇಲೆ ಬಗರ್‌ಹುಕುಂ ಜಮೀನಿಗೆ ಫಾರಂ 50, 53, 2018ರಲ್ಲಿ 57 ಬಂದವು. ನಮ್ಮ ಅಪ್ಪಂದಿರ ತಗಡಿನ ಟ್ರಂಕಿನಲ್ಲಿ ಈ ಮೂರರ ನಕಲೂ ಮಡಿಸಿ ಇಟ್ಟಿರುತ್ತವೆ. ಮೂರು ಫಾರಂ ತುಂಬಿಸುವಷ್ಟರಲ್ಲಿ ಒಂದು ಆಯುಷ್ಯ ಮುಗಿದಿರುತ್ತದೆ. ಕಾವ್ಯ ಎಲ್ಲಿದೆ ಅಂತ ಹುಡುಕುವವರು ಆ ಟ್ರಂಕು ತೆಗೆದು ನೋಡಬಹುದು.

ಕಾಗದದಿಂದಲೇ ಎಲ್ಲ ಆಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೊಂಬಾಯಿ ಶಾಸನ ಸಭೆ ಠರಾವು ಮಾಡಿದ್ದು 1923ರಲ್ಲಿ. ಮಹಾಡ್ ಪುರಸಭೆ ತನ್ನ ಚವದಾರ್ ಕೆರೆಯ ವಿಷಯದಲ್ಲಿ ಅದನ್ನು ಒಪ್ಪಿದ್ದು 1924ರಲ್ಲಿ. ಮೂರು ವರ್ಷ ಆ ಠರಾವು ಕಡತದಲ್ಲಿ ಮಲಗಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಜನರನ್ನು ಕಟ್ಟಿಕೊಂಡು ನಡೆದು ಆ ನೀರು ಮುಟ್ಟಿದ ಮೇಲೆ ಠರಾವಿಗೆ ಜೀವ ಬಂತು. ಕೂಡಲೇ ಅದನ್ನು ಕೊಲ್ಲುವವರೂ ಎದ್ದರು. ಜನರನ್ನು ಹೊಡೆದರು, 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು, ಆಗಸ್ಟಿನಲ್ಲಿ ಪುರಸಭೆ ಠರಾವನ್ನೇ ವಾಪಸು ತಗೊಂಡಿತು. ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪಾಗಲು 1937 ಬರಬೇಕಾಯಿತು. ಆ ಹತ್ತು ವರ್ಷವೂ ಕಾಲಿನ ಕೆಲಸ, ಕಾಗದದ ಕೆಲಸ ಎರಡೂ ನಡೆದವು. ಸಂವಿಧಾನದ 15(2)ನೇ ವಿಧಿ ಓದಿದರೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಬರೆದಿರುವುದು ಕಾಣುತ್ತದೆ. ಇಡೀ ದೇಶದ ದೊಡ್ಡ ಕಾಗದಕ್ಕೆ ಬಾವಿಯ ಹೆಸರು ಬರೆಯಲು ನಾಚಿಕೆಯಾಗಲಿಲ್ಲ. ನಮ್ಮ ಕವಿಗೆ ಯಾಕೆ?

ಕಾರ್ಯಕರ್ತ ಗೆಳೆಯರಿಗೂ ಒಂದು ಮಾತು ಹೇಳದೆ ಇರಲಾರೆ. ಮನವಿ ಕೊಡುವುದು ಈಗ ಫೋಟೋದ ಕೆಲಸವಾಗಿದೆ. ಹತ್ತು ಜನ ಸಾಲಾಗಿ ನಿಂತು, ಕಾಗದದ ಒಂದೊಂದು ತುದಿ ಹಿಡಿದು, ಸಾಹೇಬರೂ ನಾವೂ ಕ್ಯಾಮೆರಾ ಕಡೆ ನೋಡುತ್ತೇವೆ. ಟಪಾಲಿನಲ್ಲಿ ಮೊಹರು ಹಾಕಿಸಿದ ಸ್ವೀಕೃತಿ ಯಾರ ಹತ್ತಿರ ಇದೆ? ಹಿಂಬರಹ ಬಂತೇ? ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕು ಅಂತ 1993ರ ಪಂಚಾಯತ್ ಕಾಯ್ದೆ ಹೇಳುತ್ತದೆ. ಅಲ್ಲಿಗೆ ಹೋದವರಿಗೆ ಗೊತ್ತು, ಎಷ್ಟೋ ಕಡೆ ಖಾಲಿ ಹಾಳೆಗೆ ಮೊದಲು ಹೆಬ್ಬೆಟ್ಟು, ಆಮೇಲೆ ನಡಾವಳಿ. ಹೆಂಗಸರು ಗಂಟೆಗಟ್ಟಲೆ ಜಗಳವಾಡಿದ್ದು 'ಚರ್ಚಿಸಿ ಒಮ್ಮತದಿಂದ ತೀರ್ಮಾನಿಸಲಾಯಿತು' ಅನ್ನುವ ಒಂದು ಸಾಲಿನಲ್ಲಿ ಮುಳುಗಿಹೋಗುತ್ತದೆ. ಆ ಸಾಲು ಬರೆದವನೂ ಒಬ್ಬ ಲೇಖಕನೇ. ಅವನನ್ನು ವಿಮರ್ಶೆ ಮಾಡಬೇಡವೇ? 2005ರ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಡಾವಳಿಯ ನಕಲು ಕೇಳಬಹುದು. ತಂದು ಕೇರಿಯ ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿ. ನಿಮ್ಮ ಹೆಂಗಸರೇ ಸಾಲು ಸಾಲಿಗೆ ತಪ್ಪು ತೋರಿಸುತ್ತಾರೆ.

ಅದಕ್ಕೇ ಈ ಪತ್ರಿಕೆಯ ಸಂಪಾದಕರಲ್ಲಿ ಒಂದು ಕೇಳಿಕೆ, ವಿನಂತಿಯಲ್ಲ. ಪ್ರತಿ ಸಂಚಿಕೆಯಲ್ಲೂ ಎರಡು ಪುಟ ಕವಿತೆ ಕಡಿಮೆ ಮಾಡಿ. ಅಲ್ಲಿ ಮನವಿಗಳನ್ನು ಅಚ್ಚು ಹಾಕಿ: ಊರು, ಬೀದಿ, ಸರ್ವೆ ನಂಬರು, ಅಡ್ಡಿ ಮಾಡಿದ್ದು ಹೇಗೆ ಅಂತ ಹೇಳಿದವರ ಬಾಯಿಮಾತಿನಲ್ಲೇ. ಕೆಳಗೆ ಕೊಟ್ಟ ತಾರೀಖು, ಬಂದ ಹಿಂಬರಹ. ಬಾರದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಮುಂದಿನ ಸಂಚಿಕೆಯಲ್ಲೂ ಅದೇ ಮನವಿ, ಅದೇ ಖಾಲಿ. ನನ್ನ ಎರಡು ಕವಿತೆ ನಿಮ್ಮ ಮೇಜಿನ ಮೇಲಿವೆ, ಅವನ್ನೇ ಮೊದಲು ತೆಗೆಯಿರಿ.