ಸಿಮೆಂಟಿನಲ್ಲಿ ಕೊರೆದ ಕರುಣೆ

ದನದ ದೊಡ್ಡಿಗಳನ್ನು ರೂಪಿಸುವ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರ ಬದುಕನ್ನು ಆಧರಿಸಿದ ‘ಟೆಂಪಲ್ ಗ್ರ್ಯಾಂಡಿನ್’ ಚಿತ್ರದ ಬಗ್ಗೆ ಎರಡು ತೀರ್ಪುಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ಫಿಲ್ಮ್ ಸೊಸೈಟಿಯವರು ಅದನ್ನು ‘ಒಳ್ಳೆಯ ಟೀವಿ ಚಿತ್ರ’ ಎಂದು ಬೆನ್ನು ತಟ್ಟಿ ಬದಿಗಿಡುತ್ತಾರೆ. ಶಾಲೆಗಳನ್ನೂ ತರಬೇತಿ ಶಿಬಿರಗಳನ್ನೂ ನಡೆಸುವವರು ಆಟಿಸಂ ಅನ್ನು ಮೆಟ್ಟಿ ನಿಂತ ಮಹಿಳೆಯ ಕಥೆ ಎಂದು ಭಕ್ತಿಯಿಂದ ತೋರಿಸುತ್ತಾರೆ. ಮೊದಲಿನವರ ಉದಾಸೀನವನ್ನು ಹೇಗೋ ಸಹಿಸಬಹುದು, ಎರಡನೆಯವರ ಹೊಗಳಿಕೆಯನ್ನು ಸಹಿಸಲಾಗುವುದಿಲ್ಲ. ಆ ಚಿತ್ರದಲ್ಲಿ ಆಕೆ ಆಟಿಸಂ ಅನ್ನು ಮೆಟ್ಟುವುದೇ ಇಲ್ಲ. ಚಿತ್ರ ಮುಗಿಯುವಾಗಲೂ ಆಕೆಯ ಗಟ್ಟಿ ದನಿ, ಮಾತಿನ ಓಟ, ಚಿತ್ರಗಳಲ್ಲೇ ಯೋಚಿಸುವ ಮನಸ್ಸು ಮೊದಲಿದ್ದಂತೆಯೇ ಇವೆ. ಬದಲಾಗಿರುವುದು ದನದ ದೊಡ್ಡಿ.

ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದಿರಲು ಕಾರಣ ಆ ಚಿತ್ರವನ್ನು ನಾವು ಕೂರಿಸಿರುವ ಸಾಲು. ಸಾಲಿನ ಮೊದಲಿಗೆ 1988ರ ‘ರೇನ್ ಮ್ಯಾನ್’. ಜಗತ್ತಿಗೆ ಆಟಿಸಂ ಪರಿಚಯಿಸಿದ ಚಿತ್ರ ಎಂಬ ಬಿರುದು ಅದಕ್ಕೆ. ಶ್ರೇಷ್ಠ ಚಿತ್ರ, ನಿರ್ದೇಶನ, ನಟನೆ, ಚಿತ್ರಕಥೆ ಎಂದು ನಾಲ್ಕು ಆಸ್ಕರ್. ಡಸ್ಟಿನ್ ಹಾಫ್‌ಮನ್‌ನ ಕಸುಬಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಕಥೆ ಯಾರದು? ಟಾಮ್ ಕ್ರೂಸ್ ಮಾಡಿದ ಸ್ವಾರ್ಥಿ ತಮ್ಮನದು. ಅಣ್ಣ ರೇಮಂಡ್ ನೆಲಕ್ಕೆ ಬಿದ್ದ ಹಲ್ಲುಕಡ್ಡಿಗಳನ್ನು ಒಂದೇ ನೋಟಕ್ಕೆ ಎಣಿಸುತ್ತಾನೆ, ಜೂಜಿನ ಮೇಜಿನಲ್ಲಿ ಇಸ್ಪೀಟು ನೆನಪಿಟ್ಟು ತಮ್ಮನ ಸಾಲ ತೀರಿಸುತ್ತಾನೆ, ತಮ್ಮ ಒಳ್ಳೆಯವನಾದ ಮೇಲೆ ಬಂದ ದಾರಿಯಲ್ಲೇ ಆಶ್ರಮಕ್ಕೆ ಮರಳುತ್ತಾನೆ. ಆ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್‌ಗೆ ಇದ್ದದ್ದು ಆಟಿಸಂ ಅಲ್ಲ, ಬೇರೊಂದು ಸ್ಥಿತಿ. ಅಷ್ಟಾದರೂ ಇವತ್ತಿಗೂ ಆಟಿಸಂ ಇರುವ ಮಗುವನ್ನು ಕಂಡರೆ ನೆಂಟರು ಮೊದಲು ಕೇಳುವುದು ‘ಲೆಕ್ಕದಲ್ಲಿ ಬಲು ಚುರುಕಂತೆ, ಹೌದಾ?’ ಎಂದು. ವಿಭಿನ್ನ ಮನಸ್ಸಿಗೆ ಗೌರವ ಬೇಕೆಂದರೆ ಅದು ಮೊದಲು ಚಮತ್ಕಾರದ ಬಾಡಿಗೆ ಕಟ್ಟಬೇಕೆಂದು ನಮಗೆ ಕಲಿಸಿದ್ದು ಈ ಚಿತ್ರವೇ.

ಅಲ್ಲಿಂದ ಮುಂದೆ ವಿಜ್ಞಾನಿಗಳ ಸರದಿ. ‘ಎ ಬ್ಯೂಟಿಫುಲ್ ಮೈಂಡ್’ನ ಗಣಿತಜ್ಞ ಜಾನ್ ನ್ಯಾಶ್‌ಗೆ ಇದ್ದದ್ದು ಸ್ಕಿಜೋಫ್ರೇನಿಯಾ, ಆದರೆ ಅಚ್ಚು ಒಂದೇ. ಪ್ರಿನ್ಸ್‌ಟನ್‌ನಲ್ಲಿ ಸಹೋದ್ಯೋಗಿಗಳು ಸಾಲಾಗಿ ಬಂದು ಆತನ ಮುಂದೆ ಪೆನ್ನು ಇಡುವ ಆ ಪ್ರಸಿದ್ಧ ದೃಶ್ಯ ಪೂರ್ತಿ ಕಟ್ಟುಕಥೆ. ನೊಬೆಲ್ ವೇದಿಕೆಯಿಂದ ಹೆಂಡತಿಗೆ ಸಲ್ಲುವ ಕೃತಜ್ಞತೆಯೂ ಕಟ್ಟುಕಥೆ. ನಿಜ ಜೀವನದಲ್ಲಿ ನ್ಯಾಶ್ 1970ರ ನಂತರ ಔಷಧಿ ಬಿಟ್ಟಿದ್ದರು. ಚಿತ್ರದ ನ್ಯಾಶ್ ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎನ್ನುತ್ತಾನೆ. 2014ರ ‘ದಿ ಇಮಿಟೇಶನ್ ಗೇಮ್’ ಇನ್ನೂ ಮುಂದೆ ಹೋಯಿತು. ಗೂಢಲಿಪಿ ಒಡೆದ ಗಣಿತಜ್ಞ ಅಲನ್ ಟ್ಯೂರಿಂಗ್‌ಗೆ ಗೆಳೆಯರಿದ್ದರು, ಹಾಸ್ಯಪ್ರಜ್ಞೆಯಿತ್ತು. ಆಂಡ್ರ್ಯೂ ಹಾಜಸ್ ಬರೆದ ಜೀವನಚರಿತ್ರೆ ಓದಿದವರಿಗೆ ಇದು ಗೊತ್ತು. ಚಿತ್ರ ಆತನನ್ನು ಊಟದ ಕರೆಯೂ ಅರ್ಥವಾಗದ ಒಂಟಿ ಯಂತ್ರಮಾನವ ಮಾಡಿತು. ಇಷ್ಟೆಲ್ಲ ಸುಳ್ಳು ಸೇರಿಸಿದ ಮೇಲಾದರೂ ಗೂಢಲಿಪಿ ಒಡೆಯುವ ಕೆಲಸ ಹೇಗೆ ನಡೆಯಿತೆಂದು ತೋರಿಸಿತೇ? ಇಲ್ಲ. ಚಕ್ರಗಳು ತಿರುಗುತ್ತವೆ, ಸಂಗೀತ ಏರುತ್ತದೆ, ನಾವು ಕಣ್ಣೊರೆಸಿಕೊಳ್ಳುತ್ತೇವೆ.

‘ಟೆಂಪಲ್ ಗ್ರ್ಯಾಂಡಿನ್’ ಈ ಕುಲದ್ದಲ್ಲ ಎಂದು ತೋರಿಸಲು ನನಗೆ ಒಂದು ತೊಟ್ಟಿ ಸಾಕು.

ಮೈಗೆ ಹತ್ತಿದ ಹುಳುಹುಪ್ಪಟೆ ಹೋಗಲೆಂದು ದನಗಳನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ದಾಟಿಸುವುದು ಅಮೆರಿಕದ ದೊಡ್ಡ ದೊಡ್ಡಿಗಳ ರೂಢಿಯಾಗಿತ್ತು. ಹಳೆಯ ಪದ್ಧತಿಯಲ್ಲಿ ಅವುಗಳನ್ನು ಜಾರುವ ಇಳಿಜಾರಿನಿಂದ ದೂಡುತ್ತಿದ್ದರು. ದನ ಹೆದರುತ್ತಿತ್ತು, ಮಗುಚಿ ಬೀಳುತ್ತಿತ್ತು, ಕೆಲವು ಮುಳುಗಿ ಸಾಯುತ್ತಿದ್ದವು. ಗ್ರ್ಯಾಂಡಿನ್ ಆ ಇಳಿಜಾರನ್ನು ಕಾಂಕ್ರೀಟಿನಲ್ಲಿ ಕಟ್ಟಿಸಿ ಅದರ ಮೇಲೆ ಆಳವಾದ ಗೀರುಗಳನ್ನು ಕೊರೆಸಿದರು. ಗೊರಸಿಗೆ ಹಿಡಿತ ಸಿಕ್ಕಿತು. ಹಿಡಿತ ಸಿಕ್ಕ ದನ ಹೆದರದೆ ಕೆಳಗೆ ನಡೆಯುತ್ತದೆ, ಮುಂದಿನ ಹೆಜ್ಜೆಗೆ ನೆಲ ಕೊನೆಯಾಗಿ ನೀರಿಗಿಳಿಯುತ್ತದೆ, ಈಜಿ ಆಚೆ ದಡಕ್ಕೆ ಏರುತ್ತದೆ. ದೊಡ್ಡಿಯ ಆಳುಗಳಿಗೆ ಇದರಲ್ಲಿ ನಂಬಿಕೆಯಿಲ್ಲ. ದನ ತಾನಾಗಿ ನೀರಿಗೆ ಇಳಿಯುವುದುಂಟೇ ಎಂದು ಆ ಗೀರುಗಳ ಮೇಲೆ ಲೋಹದ ತಗಡು ಹೊದಿಸಿಬಿಡುತ್ತಾರೆ. ದನಗಳು ಜಾರಿ ಬಿದ್ದು ಸಾಯುತ್ತವೆ.

ಈ ಸಾಲಿನ ಬೇರೆ ಯಾವ ಚಿತ್ರವಾದರೂ ಇಲ್ಲಿ ಅವಮಾನಿತ ಪ್ರತಿಭೆಗೊಂದು ಭಾಷಣ ಬರೆದುಕೊಡುತ್ತಿತ್ತು. ಇಲ್ಲಿ ಟೆಂಪಲ್ ಪಾತ್ರದ ಕ್ಲೇರ್ ಡೇನ್ಸ್ ಕಿರುಚುತ್ತಾಳೆ, ನಿಜ. ಆದರೆ ಆ ಕೋಪ ತನ್ನನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲವೆಂಬ ಕೋಪವಲ್ಲ, ದನವನ್ನು ಅರ್ಥ ಮಾಡಿಕೊಳ್ಳಲಿಲ್ಲವೆಂಬುದು. ಒಂದು ತಗಡು ಸಮಾಜದ ಅಪನಂಬಿಕೆಯ ಪೂರ್ತಿ ಚರಿತ್ರೆಯನ್ನು ಹೇಳಿಬಿಡುತ್ತದೆ, ಅದೂ ಭೌತಶಾಸ್ತ್ರದ ಭಾಷೆಯಲ್ಲಿ. ಘರ್ಷಣೆ ಇದ್ದರೆ ಬದುಕು, ಇಲ್ಲದಿದ್ದರೆ ಸಾವು. ವಿಜ್ಞಾನಿಯ ಬಗ್ಗೆ ಬಂದ ಚಿತ್ರಗಳಲ್ಲಿ ವಿಜ್ಞಾನವೇ ಕಥೆಯ ತಿರುವಾಗಿರುವುದನ್ನು ನಾನು ಇಷ್ಟು ಶುದ್ಧವಾಗಿ ಬೇರೆಲ್ಲೂ ಕಂಡಿಲ್ಲ.

ಅಪ್ಪುಗೆಯ ಯಂತ್ರದ ಪ್ರಸಂಗವನ್ನೂ ಹೀಗೆಯೇ ನೋಡಬೇಕು. ಅರಿಜೋನಾದಲ್ಲಿ ಚಿಕ್ಕಮ್ಮನ ರ‍್ಯಾಂಚ್‌ನಲ್ಲಿ ದನಗಳನ್ನು ಚುಚ್ಚುಮದ್ದಿಗಾಗಿ ಎರಡು ಬದಿಯಿಂದ ಅದುಮಿ ಹಿಡಿಯುವ ಚೌಕಟ್ಟನ್ನು ಹುಡುಗಿ ನೋಡುತ್ತಾಳೆ. ಅದುಮಿದಾಗ ಅವು ಶಾಂತವಾಗುವುದನ್ನು ಗಮನಿಸಿ ತನ್ನ ಗಾಬರಿಗೂ ಅಂಥದ್ದೊಂದನ್ನು ಹಲಗೆಯಲ್ಲಿ ಮಾಡಿಕೊಳ್ಳುತ್ತಾಳೆ. ಮನುಷ್ಯರ ಅಪ್ಪುಗೆ ಅವಳಿಗೆ ಆಗದು. ಇಲ್ಲಿ ಬಿಗಿತ ಎಷ್ಟಿರಬೇಕೆಂದು ಅವಳೇ ತೀರ್ಮಾನಿಸಬಹುದು. ಕಾಲೇಜಿನವರು ಅದರಲ್ಲಿ ಅಶ್ಲೀಲ ಕಂಡು ಕಿತ್ತುಹಾಕಿಸುತ್ತಾರೆ. ಅವಳು ಅಂಗಲಾಚುವುದಿಲ್ಲ. ಬೇರೆ ವಿದ್ಯಾರ್ಥಿಗಳನ್ನು ಅದರೊಳಗೆ ಮಲಗಿಸಿ ಪ್ರಯೋಗ ಮಾಡಿ, ಫಲಿತಾಂಶವನ್ನು ಮೇಜಿನ ಮೇಲಿಡುತ್ತಾಳೆ. ತಪ್ಪು ತಿಳಿವಳಿಕೆಗೆ ಈ ಚಿತ್ರ ಕಂಡುಕೊಂಡ ಉತ್ತರ ಪುರಾವೆ.

ನಿರ್ದೇಶಕ ಮಿಕ್ ಜ್ಯಾಕ್ಸನ್ ಆಕೆಯ ನೋಟವನ್ನೇ ನಮ್ಮ ನೋಟ ಮಾಡಿದ್ದಾರೆ. ಬೇಲಿಗೆ ನೇತುಬಿದ್ದ ಸರಪಳಿ, ನೀರಿನ ಮೇಲೆ ಹೊಳೆವ ಬಿಸಿಲು, ಬೀಸುವ ಬಟ್ಟೆ ದನವನ್ನು ಯಾಕೆ ನಿಲ್ಲಿಸುತ್ತವೆಂದು ತಿಳಿಯಲು ಆಕೆ ದನ ನಡೆವ ಓಣಿಗೇ ಇಳಿಯುತ್ತಾಳೆ, ಕ್ಯಾಮೆರಾವೂ ಅಲ್ಲಿಗೇ ಇಳಿಯುತ್ತದೆ. ಪರದೆಯ ಮೇಲೆ ಗೆರೆಗಳು ಕೋನಗಳಾಗಿ ಮೂಡುತ್ತವೆ. ರೇಮಂಡ್‌ನನ್ನು ನಾವು ಹೊರಗಿನಿಂದ ಬೆರಗಾಗಿ ನೋಡಿದ್ದೆವು, ಟೆಂಪಲ್ ಜೊತೆ ನಾವು ಕೆಲಸ ಮಾಡುತ್ತೇವೆ.

ಕೊನೆಯಲ್ಲಿ, 1981ರ ಆಟಿಸಂ ಸಮಾವೇಶದಲ್ಲಿ ಆಕೆ ಎದ್ದು ಮಾತನಾಡುವ ದೃಶ್ಯ ಬರುತ್ತದೆ. ಸಭೆ, ಮಾತು, ಸ್ವೀಕೃತಿ. ನ್ಯಾಶ್ ಚಿತ್ರದಲ್ಲಿ ನೀವು ಬೈದದ್ದನ್ನು ಇಲ್ಲಿ ಮನ್ನಿಸುವಿರಾ ಎಂದು ಕೇಳಿದರೆ, ಮನ್ನಿಸುತ್ತೇನೆ. ಅಲ್ಲಿ ಲೋಕ ಆತನಿಗೆ ಪೆನ್ನು ಕೊಟ್ಟಿತು. ಇಲ್ಲಿ ಸಭೆಯಲ್ಲಿ ಕೂತ ತಾಯಂದಿರಿಗೆ ಆಕೆ ಮಾಹಿತಿ ಕೊಡುತ್ತಾಳೆ, ಮಗು ಯಾಕೆ ಗಿರಗಿರ ತಿರುಗುತ್ತದೆ ಎಂಬಂಥದ್ದು. ಆ ತಾಯಂದಿರ ಹಿಂದೆ ಏನಿತ್ತೆಂಬುದೂ ನೆನಪಿರಲಿ. ತಾಯಿಯ ತಣ್ಣನೆಯ ಮನಸ್ಸೇ ಮಗುವಿನ ಆಟಿಸಂಗೆ ಕಾರಣ ಎಂದು ಮನೋವಿಜ್ಞಾನಿ ಬ್ರೂನೋ ಬೆಟಲ್‌ಹೈಮ್ 1967ರಲ್ಲೂ ಪುಸ್ತಕ ಬರೆದು ಸಾರುತ್ತಿದ್ದ. ಚಿತ್ರದಲ್ಲಿ ವೈದ್ಯನೊಬ್ಬ ಅದೇ ಮಾತನ್ನು ಟೆಂಪಲ್‌ಳ ತಾಯಿಯ ಮುಖಕ್ಕೆ ಹೇಳುವಾಗ, ಆ ಪಾತ್ರದ ಜೂಲಿಯಾ ಆರ್ಮಂಡ್ ಅವರ ಮೌನದಲ್ಲಿ ಒಂದು ತಲೆಮಾರಿನ ತಾಯಂದಿರ ಅವಮಾನವಿದೆ. ಅವರಿಗೆ ಸಲ್ಲಬೇಕಾದ ಸಭೆ ಅದು.

ನನ್ನ ನಿಜವಾದ ಜಗಳ ಚಿತ್ರಗಳ ಜೊತೆಗಲ್ಲ, ನಮ್ಮ ಅಭಿರುಚಿಯ ಜೊತೆಗೆ. 2010ರ ಫೆಬ್ರವರಿಯಲ್ಲಿ ‘ಟೆಂಪಲ್ ಗ್ರ್ಯಾಂಡಿನ್’ ಅಮೆರಿಕದ ಎಚ್‌ಬಿಒ ವಾಹಿನಿಯಲ್ಲಿ ಬಂದ ಒಂದು ವಾರದೊಳಗೆ ‘ಮೈ ನೇಮ್ ಈಸ್ ಖಾನ್’ ಬಿಡುಗಡೆಯಾಯಿತು. ಆಸ್ಪರ್ಜರ್ ಇರುವ ರಿಜ್ವಾನ್ ಚಂಡಮಾರುತದಲ್ಲಿ ಊರು ಉಳಿಸಬೇಕು, ಆಮೇಲಷ್ಟೇ ಅವನು ನಮ್ಮವನು. ಅದಕ್ಕೂ ಮೊದಲು ‘ತಾರೇ ಜಮೀನ್ ಪರ್’ನ ಇಶಾನ್‌ಗೆ ಓದಲು ಬಾರದಿದ್ದರೆ ಚಿತ್ರಕಲಾ ಸ್ಪರ್ಧೆಯಲ್ಲಾದರೂ ಮೊದಲ ಬಹುಮಾನ ಬರಲೇಬೇಕಿತ್ತು. ಫಲಿತಾಂಶದ ಮರುದಿನ ರ‍್ಯಾಂಕ್ ಬಂದ ಮಕ್ಕಳ ಫೋಟೊ ಹುಡುಕುವ, ಯಾರನ್ನು ಮೆಚ್ಚಿದರೂ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಮುಗಿಸುವ ನಮಗೆ ಬಹುಮಾನವಿಲ್ಲದ ಮನಸ್ಸನ್ನು ಹೇಗೆ ಮಾತಾಡಿಸಬೇಕೆಂದೇ ತಿಳಿಯದಾಗಿದೆ. ಹೀಗೇನೂ ಯಾವಾಗಲೂ ಇರಲಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ‘ಶರಪಂಜರ’ ಮಾಡಿದಾಗ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರೇ ಮತ್ತೆ ಹುಚ್ಚಿಗೆ ದೂಡುವುದನ್ನು ಕನ್ನಡದ ಪ್ರೇಕ್ಷಕ ಕಿಕ್ಕಿರಿದು ನೋಡಿದ. ಅವಳು ಏನನ್ನೂ ಗೆಲ್ಲಲಿಲ್ಲ. ಚಿತ್ರಕ್ಕೆ ಮೂಲವಾದ ತ್ರಿವೇಣಿಯವರ ಕಾದಂಬರಿಗೆ ಆ ಗೆಲುವು ಬೇಕಿರಲಿಲ್ಲ, ನಮಗೂ ಬೇಕಿರಲಿಲ್ಲ.

ಗ್ರ್ಯಾಂಡಿನ್ ಚಿತ್ರ ನಮ್ಮಲ್ಲಿ ಇನ್ನೊಂದು ಕಾರಣಕ್ಕೂ ಅರೆಬರೆ ಅರ್ಥವಾಗಿದೆ. ಆಕೆಯ ಜೀವಮಾನದ ಕೆಲಸ ಕಸಾಯಿಖಾನೆಯಲ್ಲಿದೆ. ಉತ್ತರ ಅಮೆರಿಕದ ಸುಮಾರು ಅರ್ಧದಷ್ಟು ದನಗಳು ಆಕೆ ರೂಪಿಸಿದ ವ್ಯವಸ್ಥೆಗಳಲ್ಲಿ ಸಾಗುತ್ತವೆ. ಪುಣ್ಯಕೋಟಿಯ ಹಾಡಿಗೆ ಅತ್ತು ಬೆಳೆದವರು ಈ ಭಾಗ ಬಂದಾಗ ಮುಖ ತಿರುಗಿಸಿ, ಚಿತ್ರವನ್ನು ‘ಸಾಧಕಿಯ ಕಥೆ’ಯಷ್ಟಕ್ಕೆ ಇಳಿಸಿಕೊಳ್ಳುತ್ತಾರೆ. ಆದರೆ ದನವನ್ನು ಪ್ರೀತಿಸುತ್ತೇವೆ ಎನ್ನುವವರಲ್ಲಿ ಎಷ್ಟು ಜನ ಅದರ ಓಣಿಯಲ್ಲಿ ನಿಂತು, ಅದಕ್ಕೆ ಯಾವುದು ಭಯ ಹುಟ್ಟಿಸುತ್ತದೆಂದು ನೋಡಿದ್ದಾರೆ? ಹೇಗಿದ್ದರೂ ಸಾಯಲಿರುವ ಪ್ರಾಣಿ ಸಾಯುವ ಗಳಿಗೆಯವರೆಗೆ ಹೆದರಬಾರದು ಎಂದು ಲೆಕ್ಕ ಹಾಕಿ ಓಣಿಯ ಗೋಡೆಯನ್ನು ಬಾಗಿಸುವುದು ಕಣ್ಣೀರಿಗಿಂತ ಕಷ್ಟದ ಕರುಣೆ. ಮಾಂಸ ತಿನ್ನದವರು ಅದನ್ನು ಒಪ್ಪಬೇಕಿಲ್ಲ, ನೋಡಲಿಕ್ಕೇ ನಿರಾಕರಿಸುವುದು ಮಾತ್ರ ಸರಿಯಲ್ಲ.

ಪ್ರತಿ ಏಪ್ರಿಲ್ 2ರಂದು, ಆಟಿಸಂ ಜಾಗೃತಿ ದಿನದ ನೆಪದಲ್ಲಿ, ಈ ಚಿತ್ರವನ್ನು ಶಾಲೆಗಳಲ್ಲಿ ಹಾಕುವುದನ್ನು ಕೆಲವು ವರ್ಷವಾದರೂ ನಿಲ್ಲಿಸಿ ಎನ್ನುತ್ತೇನೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಾಕಿ, ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ಹಾಕಿ. ಮುಗಿದ ಮೇಲೆ ಚರ್ಚೆ ಆಕೆಯ ಧೈರ್ಯದ ಬಗ್ಗೆ ಬೇಡ. ಆ ಇಳಿಜಾರಿನ ಕೋನ ಎಷ್ಟಿರಬೇಕು, ಗೀರು ಎಷ್ಟು ಆಳ, ಓಣಿಯ ಗೋಡೆ ಯಾಕೆ ಬಾಗಿರಬೇಕು ಎಂಬುದರ ಬಗ್ಗೆ ನಡೆಯಲಿ.