ಓತಿ ತೆಗೆದರೆ ಕತೆಯೇ ಇಲ್ಲ

ವಿಜ್ಞಾನಕ್ಕೆ ಕತೆಯ ಬೆಲ್ಲ ಸವರಿ ಕೊಡುವ ಪುಸ್ತಕಗಳು ನನಗೆ ಸೇರುವುದಿಲ್ಲ. ತಾತ ಗುರುತ್ವಾಕರ್ಷಣೆ ವಿವರಿಸುತ್ತಾನೆ, ಮೊಮ್ಮಗ ಪುಟಕ್ಕೊಮ್ಮೆ 'ಹೌದಾ ತಾತಾ?' ಎನ್ನುತ್ತಾನೆ. ಇಬ್ಬರನ್ನೂ ಮನೆಗೆ ಕಳಿಸಿದರೂ ಪಾಠಕ್ಕೇನೂ ಕೊರತೆಯಾಗದು.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ದಲ್ಲಿ (1980) ಹಾಗಲ್ಲ. ಹಾರುವ ಓತಿಯನ್ನು ತೆಗೆದರೆ ಕತೆಯೇ ಇಲ್ಲ. ಊರವರ ಕಣ್ಣಿಗೆ ಮಂದಣ್ಣ ಬರೀ ಉಂಡಾಡಿ. ಅವನಿಗೆ ಬೇಕಿರುವುದು ಒಂದು ಮದುವೆ, ಒಂದು ಸರ್ಕಾರಿ ಕೆಲಸ. ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟಾ ಪ್ರಕೃತಿಶಾಸ್ತ್ರಜ್ಞನನ್ನು ಕಾಣುತ್ತಾರೆ. ಓತಿ ಕಂಡವನು ಅವನೇ ಆದ್ದರಿಂದ ಅವನ ಮದುವೆ, ಕೋರ್ಟು, ಕೇಸುಗಳೆಲ್ಲ ವಿಜ್ಞಾನಿಯ ತಲೆನೋವೂ ಆಗುತ್ತವೆ. ವಿಕಾಸವಾದದ ಮಾತು ಬರುವುದು ಈ ತಾಪತ್ರಯಗಳ ಸಂದಿಯಲ್ಲೇ.

ಪ್ರಾಣಿಶಾಸ್ತ್ರದವರು ತಕರಾರು ತೆಗೆಯಬಹುದು. ಕಾದಂಬರಿಯಲ್ಲಿ ಯುಗಯುಗಗಳ ಆಚೆಯಿಂದ ಬಂದಂತಿರುವ ಆ ಜೀವಿ, ನಿಜದಲ್ಲಿ ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇರುವೆ ತಿಂದುಕೊಂಡು ಆರಾಮಾಗಿದೆ. ಅದು ರೆಕ್ಕೆ ಬಡಿಯುವುದಿಲ್ಲ. ಉದ್ದಕ್ಕೆ ಬೆಳೆದ ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ಮೇಲಿನ ಚರ್ಮ ಬಿಗಿಮಾಡಿ, ಮರದಿಂದ ಮರಕ್ಕೆ ತೇಲುತ್ತದೆ. ಕಾಂಡಕ್ಕೆ ಅಂಟಿ ಚರ್ಮ ಮಡಚಿತೋ, ತೊಗಟೆ ಯಾವುದು ಓತಿ ಯಾವುದು ತಿಳಿಯದು. ಗಂಡು ತನ್ನ ಗಂಟಲ ಹಳದಿ ಚೀಲ ಬಿಚ್ಚಿದಾಗಷ್ಟೇ ಸಿಕ್ಕಿಬೀಳುತ್ತದೆ. ಇದನ್ನು ಅಷ್ಟು ಅಪರೂಪವಾಗಿಸಿದ್ದು ಕಾದಂಬರಿಕಾರನ ಸಲಿಗೆ. ನನಗೆ ಅದು ಒಪ್ಪಿಗೆಯೇ.

ಬಿ.ಜಿ.ಎಲ್. ಸ್ವಾಮಿಯವರಿಗೆ ಆ ಸಲಿಗೆ ಇರಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು 'ಹಸುರು ಹೊನ್ನು'ವಿನಲ್ಲಿ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡಿಗೆ ಹೊರಡುತ್ತಾರೆ. ಗಿಡದ ವಿವರ ಕರಾರುವಾಕ್ಕು, ಚಿತ್ರಗಳೂ ಅವರ ಕೈಯವೇ. ಕತೆ ಹುಟ್ಟುವುದು ಹುಡುಗರ ತಂಟೆಯಿಂದ. ಕೆಲವೆಡೆ ತಮಾಷೆ ಕೊಂಚ ಎಳೆದಂತಾಗುತ್ತದೆ, ಇರಲಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಈ ಗಿಡಮರಗಳ ಪುಸ್ತಕಕ್ಕೆ!

ಕಾದಂಬರಿಯೂ ಬೇಡ, ಕಾಡೂ ಬೇಡ ಎನ್ನುವವರಿಗೆ ಸ್ವಾಮಿಯವರದೇ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಕೊಡುತ್ತೇನೆ. ನಾವು ನಮ್ಮವೆಂದೇ ನಂಬಿ ಉಣ್ಣುವ ಆಲೂಗಡ್ಡೆ, ಮೆಣಸಿನಕಾಯಿಗಳ ಊರು ಯಾವುದೆಂದು ಅದರಲ್ಲಿ ತನಿಖೆ ನಡೆಯುತ್ತದೆ. ಪತ್ತೇದಾರನಿಲ್ಲದ ಪತ್ತೇದಾರಿ. ಓದಿದ ಮೇಲೆ ಅಡುಗೆಮನೆಯನ್ನು ಒಮ್ಮೆ ಅನುಮಾನದಿಂದ ನೋಡಿ. ಪೋರ್ಚುಗೀಸರ ಹಡಗು ಹತ್ತಿ ಬಂದ ಮೆಣಸಿನಕಾಯಿ ದಿನದ ಸಾರಿಗೆಲ್ಲ ಯಜಮಾನನಾಗಿ ಕೂತಿದೆ. ಆದರೆ ಎಷ್ಟೋ ಮನೆಗಳ ಶ್ರಾದ್ಧದ ಅಡುಗೆಗೆ ಅದಕ್ಕಿನ್ನೂ ಪ್ರವೇಶವಿಲ್ಲ. ಅಲ್ಲಿ ಇವತ್ತಿಗೂ ಕರಿಮೆಣಸಿನದೇ ಖಾರ.